ಎಳೆದಾಗ ಮೂಡುವ ಸ್ಫಟಿಕ

ರಬ್ಬರಿನ ಪಟ್ಟಿಯೊಂದನ್ನು ತುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆದರೆ ಅದು ಬೆಚ್ಚಗಾಗುವುದು ತಿಳಿಯುತ್ತದೆ. ಇದನ್ನು ಮೊದಲು ಗಮನಿಸಿದವರು ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಅಂಧ ವಿದ್ವಾಂಸ ಜಾನ್ ಗಾಫ್; ಅವರ ಬರಹ ಪ್ರಕಟವಾದದ್ದು 1805ರಲ್ಲಿ. ಎಳೆದ ಪಟ್ಟಿ ತಣ್ಣೀರಿನಲ್ಲಿ ಮರಳಿ ಕುಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ಬಿಸಿನೀರು ಸೋಕಿದೊಡನೆ ಸರ್ರನೆ ಕುಗ್ಗುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದರು. ಕಣ್ಣಿಲ್ಲದವರ ತುಟಿ, ಬೆರಳುಗಳು ಹಿಡಿದ ಈ ಸುಳಿವಿಗೆ ಕಾರಣ ಸಿಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1925ರಲ್ಲಿ ವಿಜ್ಞಾನಿ ಜೆ. ಆರ್. ಕಾಟ್ಸ್ ರಬ್ಬರಿನ ಮೂಲಕ ಕ್ಷ-ಕಿರಣ ಹಾಯಿಸಿದರು. ಸಡಿಲ ರಬ್ಬರು ಮಸುಕಾದ ಉಂಗುರವನ್ನಷ್ಟೇ ಮೂಡಿಸಿತು. ಎಳೆದು ಹಿಡಿದ ರಬ್ಬರಿನಿಂದ ಸ್ಫಟಿಕಕ್ಕೆ ಸಹಜವಾದ ಸ್ಪಷ್ಟ ಚುಕ್ಕೆಗಳು ಬಂದವು. ರಬ್ಬರಿನಂಥ ಪಾಲಿಮರ್ ಎಂದರೆ ಸರಪಳಿಯಂಥ ಉದ್ದದ ಅಣು ಎಂಬ ಹರ್ಮನ್ ಸ್ಟೌಡಿಂಗರ್ ಅವರ ವಾದವನ್ನು ಹಲವು ರಸಾಯನಜ್ಞರು ಆಗಿನ್ನೂ ಒಪ್ಪಿರಲಿಲ್ಲ. ಆ ವಾದ ನಿಜವೆಂದಾದರೆ ಚುಕ್ಕೆಗಳ ಗುಟ್ಟು ಸರಳ: ಸಿಕ್ಕುಗಟ್ಟಿದ ನೂಲನ್ನು ಎರಡೂ ಕಡೆಯಿಂದ ಜಗ್ಗಿದಂತೆ, ಎಳೆತಕ್ಕೆ ಸಿಕ್ಕ ಅಣುಗಳು ಒಂದೇ ದಿಕ್ಕಿಗೆ ನೆಟ್ಟಗಾಗಿ, ಪಕ್ಕಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂಡಿಕೊಳ್ಳುತ್ತವೆ. ಹೀಗೆ ಕೂಡುವಾಗ ಹೊರಬೀಳುವ ಶಾಖದ ಪಾಲೂ ಗಾಫ್ ಅವರ ತುಟಿಗೆ ತಾಗಿದ ಬಿಸಿಯಲ್ಲಿತ್ತು.

ಎಳೆದ ರಬ್ಬರನ್ನು ಸಡಿಲ ಬಿಟ್ಟರೆ ಸ್ಫಟಿಕವೂ ಕರಗುತ್ತದೆ. ಆದರೆ 1930ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಿಲ್ಮಿಂಗ್‌ಟನ್ ಪ್ರಯೋಗಾಲಯದಲ್ಲಿ, ವಾಲೇಸ್ ಕಾರೊಥರ್ಸ್ ಅವರ ಸಹೋದ್ಯೋಗಿ ಜೂಲಿಯನ್ ಹಿಲ್ ಕರಗಿದ ಪಾಲಿಯೆಸ್ಟರಿನಿಂದ ಎಳೆ ತೆಗೆದು, ತಣಿದ ಮೇಲೆ ಮತ್ತೆ ಜಗ್ಗಿದಾಗ, ಅದು ತುಂಡಾಗದೆ ಹಲವು ಪಟ್ಟು ಉದ್ದವಾಗಿ, ಹೊಳಪೇರಿ, ಗಟ್ಟಿಯಾಗಿ ಹಾಗೆಯೇ ನಿಂತಿತು. ಆ ಪಾಲಿಯೆಸ್ಟರು ತೀರ ಕಡಿಮೆ ಬಿಸಿಗೇ ಕರಗುತ್ತಿದ್ದರಿಂದ ಬಟ್ಟೆಗೆ ಒದಗಲಿಲ್ಲ. ಎಳೆದು ಗಟ್ಟಿಗೊಳಿಸುವ ಉಪಾಯ ಮಾತ್ರ ಉಳಿದು, 1935ರಲ್ಲಿ ಅದೇ ತಂಡ ತಯಾರಿಸಿದ ನೈಲಾನಿಗೆ ಬಲ ಕೊಟ್ಟಿತು.

1941ರಲ್ಲಿ ಇಂಗ್ಲೆಂಡಿನ ರಸಾಯನಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಹೆಚ್ಚು ಬಿಸಿ ತಾಳುವ ಪಾಲಿಯೆಸ್ಟರನ್ನು ಕಂಡುಹಿಡಿದರು. ಅದರ ಹಾಳೆಗಳು 1950ರ ದಶಕದಲ್ಲಿ ಮೈಲಾರ್, ಮೆಲಿನೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ತಯಾರಿಕೆಯ ಜಾಣ್ಮೆಯೆಲ್ಲ ಕ್ರಮದಲ್ಲಿದೆ. ಕರಗಿದ ಪಾಲಿಯೆಸ್ಟರನ್ನು ತಣ್ಣನೆಯ ಡ್ರಮ್ಮಿನ ಮೇಲೆ ಹರಿಸಿದರೆ, ಅಣುಗಳಿಗೆ ಸಾಲುಗೂಡಲು ಬಿಡುವು ಸಿಗದೆ ಹಾಳೆ ತಿಳಿಯಾಗಿ ಗಟ್ಟಿಯಾಗುತ್ತದೆ. ಅದನ್ನು ಸುಮಾರು 80–100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನಿಧಾನದ ರೋಲರಿನಿಂದ ವೇಗದ ರೋಲರಿಗೆ ದಾಟಿಸಿ ಮೂರು ನಾಲ್ಕು ಪಟ್ಟು ಉದ್ದ ಮಾಡುತ್ತಾರೆ. ಆಮೇಲೆ ಎರಡೂ ಅಂಚುಗಳನ್ನು ಕ್ಲಿಪ್ಪುಗಳಲ್ಲಿ ಹಿಡಿದು ಅಡ್ಡಕ್ಕೂ ಎಳೆಯುತ್ತಾರೆ. ಕೊನೆಗೆ, ಕ್ಲಿಪ್ಪು ಬಿಡದೆಯೇ, 200 ಡಿಗ್ರಿಗೂ ಮೇಲೆ ಕಾಯಿಸಿ ಸ್ಫಟಿಕವನ್ನು ಬಲಿಸುತ್ತಾರೆ. ಇದನ್ನು ತಪ್ಪಿಸಿದ ಹಾಳೆ ಬಿಸಿ ತಗುಲಿದರೆ ಮುದುಡಿಹೋಗುತ್ತದೆ. ಎಳೆಯದೆ ಬರಿದೇ ಕಾಯಿಸಿದರೂ ಸ್ಫಟಿಕ ಬೆಳೆಯುತ್ತದೆ, ಆದರೆ ದೊಡ್ಡ ಗೋಲಗಳಾಗಿ ಬೆಳೆದು ಬೆಳಕನ್ನು ಚದರಿಸುತ್ತದೆ. ಹಾಳೆ ಬೆಳ್ಳಗಾಗಿ ಪೆಡಸಾಗುತ್ತದೆ. ಎಳೆದ ಹಾಳೆಯ ಸ್ಫಟಿಕಗಳು ಬಲು ಸಣ್ಣವಾದ್ದರಿಂದ ಅದು ತಿಳಿಯಾಗಿಯೇ ಉಳಿಯುತ್ತದೆ. 1960ರ ಆಗಸ್ಟ್ 12ರಂದು ಅಂತರಿಕ್ಷಕ್ಕೆ ಹಾರಿದ, ಸುಮಾರು 30 ಮೀಟರ್ ವ್ಯಾಸದ ಎಕೋ 1 ಬಲೂನು ಇಂಥ ಮೈಲಾರ್ ಹಾಳೆಯದೇ. ಆ ಹಾಳೆಯ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಎಳೆಯುವ ಆ ಗಳಿಗೆಯಲ್ಲಿ ನಡೆಯುವುದೇನೆಂದು ನೇರವಾಗಿ ನೋಡಲು ಸಾಧ್ಯವಾದದ್ದು 1990ರ ದಶಕದಲ್ಲಿ, ಸಿಂಕ್ರೊಟ್ರಾನ್ ಎಂಬ ಕಣವೇಗವರ್ಧಕದ ತೀವ್ರ ಕ್ಷ-ಕಿರಣಗಳಿಂದ. ಪಾಲಿಯೆಸ್ಟರನ್ನು ಬಹು ವೇಗವಾಗಿ ಎಳೆದಾಗ ಸ್ಫಟಿಕ ಮೂಡಲು ತೊಡಗುವುದು ಎಳೆತದ ನಡುವೆಯಲ್ಲ, ಎಳೆತ ಮುಗಿಯುತ್ತಿದ್ದಂತೆ ಎಂಬುದು ಆಗ ಗೊತ್ತಾಯಿತು.