ಓಲೆ ಬಿಚ್ಚಿದ ಕಿವಿ

ಕನ್ನಡದಲ್ಲಿ ‘ಓಲೆ’ ಎಂದರೆ ತಾಳೆಗರಿ, ಕಾಗದ, ಕಿವಿಯ ಆಭರಣ. ಮೂರನೆಯ ಅರ್ಥ ಮೊದಲನೆಯದರಿಂದಲೇ ಬಂದದ್ದು. ಸುರುಳಿ ಸುತ್ತಿದ ತಾಳೆಗರಿಯನ್ನು ಕಿವಿಯ ತೂತಿಗೆ ಸಿಕ್ಕಿಸುತ್ತಿದ್ದರು; ಗರಿ ಬಿಚ್ಚಿಕೊಳ್ಳುತ್ತ ತೂತನ್ನು ಹಿಗ್ಗಿಸುತ್ತಿತ್ತು. ಬಂಗಾರ ಬಂದ ಮೇಲೂ ಹೆಸರು ಉಳಿಯಿತು.

ಕಿವಿ ಚುಚ್ಚುವುದು ಕ್ಷಣದ ಕೆಲಸ. ಚುಚ್ಚಿದ ತೂತಿನಲ್ಲಿ ಏನನ್ನಿಡಬೇಕು, ಅದನ್ನು ಯಾವಾಗ ಬದಲಾಯಿಸಬೇಕು ಎಂಬುದೇ ಕಷ್ಟದ್ದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದ ಕಾಳಜಿಯೂ ಇದೇ. ಮಗುವಿಗೆ ಆರು ಅಥವಾ ಏಳನೆಯ ತಿಂಗಳಲ್ಲಿ, ಸೂರ್ಯನ ಬೆಳಕು ಹಾಯುವ ತೆಳು ಜಾಗ ನೋಡಿ ಚುಚ್ಚಬೇಕು; ಗಂಡಿಗೆ ಮೊದಲು ಬಲಗಿವಿ, ಹೆಣ್ಣಿಗೆ ಎಡಗಿವಿ. ಆಮೇಲೆ ಹತ್ತಿಯ ಬತ್ತಿ ತೂರಿಸಿ ಎಣ್ಣೆ ಹನಿಸಬೇಕು. ಮೂರು ಮೂರು ದಿನಕ್ಕೊಮ್ಮೆ ಬತ್ತಿಯನ್ನು ತೆಗೆದು, ಇನ್ನಷ್ಟು ದಪ್ಪದ್ದನ್ನು ಇಡಬೇಕು. ಮೊಂಡು ಸೂಜಿಯಿಂದಲೋ ಬಿಗಿಯಾದ ಬತ್ತಿಯಿಂದಲೋ ಬಾವು ಬಂದರೆ ಕೂಡಲೇ ಬತ್ತಿ ತೆಗೆದು ಲೇಪ ಹಚ್ಚಿ, ಗಾಯ ಮಾಯ್ದ ಮೇಲೆ ಮತ್ತೆ ಚುಚ್ಚಬೇಕು.

ನಮ್ಮ ಮನೆಗಳಲ್ಲಿ ಬತ್ತಿಯ ಕೆಲಸವನ್ನು ಮಾಡಿದ್ದು ಬೇವಿನ ಕಡ್ಡಿ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಮುತ್ತೈದೆತನಕ್ಕೆ ‘ಓಲೆಭಾಗ್ಯ’ ಎಂದೇ ಹೆಸರು; ಗಂಡ ಸತ್ತಾಗ ಓಲೆ ಕಳಚುವ ಕ್ರೂರ ರೂಢಿ ಹಲವು ಸಮುದಾಯಗಳಲ್ಲಿತ್ತು. ಆದ್ದರಿಂದ ಓಲೆಯನ್ನು ತೊಳೆಯಲೋ ಅಕ್ಕಸಾಲಿಗೆ ಕೊಡಲೋ ಬಿಚ್ಚಿದರೂ ಬರಿಗಿವಿ ಬಿಡಲು ಹೆಂಗಸರು ಹೆದರುತ್ತಿದ್ದರು. ಒಂದು ಕಡ್ಡಿಯನ್ನಾದರೂ ಸಿಕ್ಕಿಸಿಕೊಳ್ಳುತ್ತಿದ್ದರು. ತೂತು ಮುಚ್ಚದಂತೆ ಕಾದದ್ದು ಶಕುನದ ಈ ಭಯವೂ ಹೌದು.

ಇಂದಿನ ವೈದ್ಯರು ಒಂದು ಕಡೆ ಸುಶ್ರುತನಿಂದ ಬೇರೆಯಾಗುತ್ತಾರೆ. ಕೀವು ತುಂಬಿದಾಗ ಅವಸರದಿಂದ ಆಭರಣ ಕಿತ್ತರೆ ತೂತು ಮುಚ್ಚಿಕೊಂಡು ಕೀವು ಒಳಗೇ ಉಳಿಯಬಹುದು. ಹಾಗಾಗಿ ಮೊದಲು ವೈದ್ಯರಿಗೆ ತೋರಿಸಬೇಕು. ಹಾಲೆಯ ಗಾಯ ಮಾಯಲು ಆರರಿಂದ ಎಂಟು ವಾರ ಬೇಕು, ಮೇಲಿನ ಮೃದ್ವಸ್ಥಿಗೆ ತಿಂಗಳುಗಟ್ಟಲೆ. ಅಲ್ಲಿಯವರೆಗೆ ಬದಲಾಯಿಸದಿರುವುದೇ ಲೇಸು. ಅಜ್ಜಿಯರು ಎಣ್ಣೆ ಹಚ್ಚಿ ದಿನವೂ ತಂತಿಯನ್ನು ತಿರುಗಿಸುತ್ತಿದ್ದುದನ್ನೂ ಹಲವು ತಜ್ಞರು ಈಗ ಒಪ್ಪುವುದಿಲ್ಲ. ಎಳೆ ಚರ್ಮ ಹರಿಯುತ್ತದೆ.

ಮಾಯ್ದ ಕಿವಿಯಲ್ಲಿ ತಿರುಪು ಬಿಗಿದಿದ್ದರೆ, ಕೈ ತೊಳೆದುಕೊಂಡು, ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೊಳೆ ನೆನೆಸಿ, ಮುಂದಿನ ಓಲೆಯನ್ನು ಗಟ್ಟಿಯಾಗಿ ಹಿಡಿದು ಹಿಂದಿನ ತಿರುಪನ್ನಷ್ಟೇ ಸಡಿಲಿಸಬೇಕು. ಎಳೆದರೆ ಹಾಲೆ ಸೀಳುತ್ತದೆ. ಸೀಳಿದ ಹಾಲೆಯನ್ನು ಕೂಡಿಸುವ ಹದಿನೈದು ವಿಧಾನಗಳನ್ನು ಸುಶ್ರುತ ಅದೇ ಅಧ್ಯಾಯದಲ್ಲಿ ವಿವರಿಸಿದ್ದಾನೆ.