ಹೆಬ್ಬೆಯ ನೀರು, ಕಡೂರಿನ ಶಾಸಕ

ತರೀಕೆರೆ ಸೀಮೆಯ ಹೆಬ್ಬೆಯನ್ನು ಹೊರಗಿನವರು ಬಲ್ಲದ್ದು ಜಲಪಾತದಿಂದ. ಕೆಮ್ಮಣ್ಣುಗುಂಡಿಯ ಕೆಳಗಿನ ಕಾಡಿನಲ್ಲಿ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಸುಮಾರು 168 ಮೀಟರ್ ಧುಮುಕುವ ನೀರು ಭದ್ರೆಗೆ ಸೇರಿ, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನಿಂತು, ನಾಲೆ ಹಿಡಿದು ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಕೆಮ್ಮಣ್ಣುಗುಂಡಿಯಿರುವ ಅದೇ ಬಾಬಾಬುಡನ್‌ಗಿರಿ ಸಾಲಿನ ಮೂಡಣ ಮಗ್ಗುಲಲ್ಲಿ ಹುಟ್ಟುವ ವೇದಾವತಿಯ ಪಾಲಿಗೆ ಬಂದದ್ದು ಕಡೂರಿನ ಬಯಲುಸೀಮೆ. ಅಯ್ಯನಕೆರೆ, ಮದಗದಕೆರೆ ಕೋಡಿ ಬಿದ್ದ ವರ್ಷ ಇಲ್ಲಿ ತೆಂಗು, ಅಡಿಕೆ ಉಳಿಯುತ್ತವೆ. ಬೀಳದ ವರ್ಷ ರೈತ ಕೊಳವೆಬಾವಿಗೆ ಸಾಲ ಮಾಡುತ್ತಾನೆ. ಒಂದೇ ಬೆಟ್ಟದ ಎರಡು ಮಗ್ಗುಲಿನ ಈ ಅಂತರವನ್ನು ಶಾಸಕರ ನಿಧಿಯ ಹಣದಿಂದ ತುಂಬಲು ಬರುವುದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿ ನೀರಿನ ಹಂಚಿಕೆಯಾಗಲಿ, ಅಜ್ಜಂಪುರದ ಬಳಿ ಕೊರೆದ ಸುರಂಗವಾಗಲಿ ತೀರ್ಮಾನವಾದದ್ದು ಸರ್ಕಾರದ, ಸದನದ ಮಟ್ಟದಲ್ಲಿ. ಹಾಗಾಗಿ ಈ ಸೀಮೆಯ ಶಾಸಕರ ಸೇವೆಯನ್ನು ಮೊದಲು ಅಳೆಯಬೇಕಾದದ್ದು ಅವರು ಸದನದಲ್ಲಿ ಎಷ್ಟು ಓದಿಕೊಂಡು, ಎಷ್ಟು ಗಟ್ಟಿಯಾಗಿ ಮಾತಾಡಿದರು ಎಂಬುದರಿಂದ ಎನ್ನುವುದು ನನ್ನ ವಾದ.

ಈ ಅಳತೆಗೆ ನಿಲ್ಲುವವರು ಕಡೂರಿನ ಮಾಜಿ ಶಾಸಕ, ಯಗಟಿಯ ವೈ.ಎಸ್.ವಿ. ದತ್ತ. ಬೆಂಗಳೂರಿನಲ್ಲಿ ಟ್ಯುಟೋರಿಯಲ್ ನಡೆಸಿ, ಗಣಿತ, ವಿಜ್ಞಾನ ಹೇಳಿಕೊಟ್ಟು ‘ದತ್ತ ಮೇಷ್ಟ್ರು’ ಎನಿಸಿಕೊಂಡವರು. ದೇವೇಗೌಡರ ಜೊತೆ ಬೆಳೆದವರು. ವಿಧಾನ ಪರಿಷತ್ತಿನಲ್ಲೂ ಕೂತವರು. 2010ರ ಕಡೂರು ಉಪಚುನಾವಣೆಯಲ್ಲಿ ಸೋತು, 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು. ಕ್ಷೇತ್ರದಲ್ಲಿ ಜಾತಿಬಲವಿಲ್ಲದ ಒಬ್ಬ ಮೇಷ್ಟರನ್ನು ಗೆಲ್ಲಿಸಿದ್ದು ಕಡೂರಿನ ಮತದಾರರ ಹಿರಿಮೆ. ಅಂಕಿಅಂಶ ಮುಂದಿಟ್ಟು, ಎದುರಾಳಿಯೂ ಕಿವಿಗೊಡುವಂತೆ ಮಾತಾಡಬಲ್ಲವರೆಂದು ಸದನದಲ್ಲಿ ಅವರಿಗೆ ಹೆಸರಿತ್ತು. 2020ರ ಲಾಕ್‌ಡೌನ್‌ನಲ್ಲಿ, ಶಾಸಕ ಸ್ಥಾನ ಕೈತಪ್ಪಿ ಎರಡು ವರ್ಷವಾಗಿದ್ದಾಗ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡಿದರು. ಅಧಿಕಾರವಿಲ್ಲದಾಗಲೂ ನಡೆದ ಈ ಕೆಲಸವನ್ನು ನಾನು ಸೇವೆಯ ಲೆಕ್ಕಕ್ಕೇ ಹಿಡಿಯುತ್ತೇನೆ.

ಹಾಗಿದ್ದರೆ 2018ರಲ್ಲಿ ಜನ ಅವರನ್ನು ಬಿಟ್ಟು ಬಿಜೆಪಿಯ ಬೆಳ್ಳಿ ಪ್ರಕಾಶರನ್ನು ಆರಿಸಿದ್ದೇಕೆ ಎಂದು ಕೇಳುವವರಿದ್ದಾರೆ. ಭಾಷಣದಿಂದ ಕೆರೆ ತುಂಬುವುದಿಲ್ಲ ಎಂಬ ಅವರ ಮಾತು ನಿಜ. ಆದರೆ ಕಡೂರು, ತರೀಕೆರೆ, ಚಿಕ್ಕಮಗಳೂರಿನ ಕೆರೆಗಳಿಗೆ ನೀರು ತರುವ ಭದ್ರಾ ಉಪಕಣಿವೆಯಂಥ ಯೋಜನೆಗೆ ಬಜೆಟ್ಟಿನಲ್ಲಿ ಹಣ ಸಿಗಬೇಕಾದರೂ, ಸಿಕ್ಕ ಹಣ ಖರ್ಚಾಯಿತೇ ಎಂದು ಕೇಳಬೇಕಾದರೂ ಸದನದಲ್ಲಿ ದನಿ ಬೇಕೇ ಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ ಮೇಲ್ದಂಡೆಗೆ ಘೋಷಿಸಿದ 5,300 ಕೋಟಿ ರೂಪಾಯಿಯನ್ನು ನೆನೆದರೆ ಸಾಕು: ಘೋಷಣೆಯಾದ ಮೇಲೂ ಆ ಹಣಕ್ಕಾಗಿ ಕೇಳುತ್ತಲೇ ಇರಬೇಕಾಯಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. 2023ರ ಆರಂಭದಲ್ಲಿ ದತ್ತ ಕಾಂಗ್ರೆಸ್ ಸೇರಿ, ಟಿಕೆಟ್ ಸಿಗದಿದ್ದಾಗ ಜೆಡಿಎಸ್‌ಗೆ ಮರಳಿದರು. ಸಿದ್ಧಾಂತ ಹೇಳುತ್ತ ಬಂದವರಿಗೆ ಅದು ಒಪ್ಪುವ ನಡೆಯಲ್ಲ. ಸಮರ್ಥಿಸಲು ನನಗೆ ಮನಸ್ಸಿಲ್ಲ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೆ.ಎಸ್. ಆನಂದ್ ಗೆದ್ದರು. ಆದರೂ ಆ ಕೆಲವು ತಿಂಗಳುಗಳ ತಪ್ಪಿಗೆ ಐದು ವರ್ಷದ ಸದನದ ದುಡಿಮೆಯನ್ನು ಅಳಿಸಿಹಾಕುವುದು ನ್ಯಾಯವಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಮತದಾರರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಸಲ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಊರಿನ ರಸ್ತೆಯ ಜೊತೆಗೆ ಭದ್ರೆಯ ನೀರಿನ ಬಗ್ಗೆಯೂ ಕೇಳಿ, ಸದನದಲ್ಲಿ ಎಷ್ಟು ಸಲ ಎದ್ದು ನಿಂತಿರಿ ಎಂದು ಲೆಕ್ಕ ಕೇಳಿ.