ಲಿನಕ್ಸಿನ ಶಾಖೆಗಳೂ ಯಂತ್ರದ ಮರ್ಮವೂ

ಕ್ರಿ. ಶ. ೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿಗೆ ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯವರು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು ನಿಂತುಹೋಯಿತು. ಅದರ ಮುಂದಿನದಾದ ವಿಂಡೋಸ್ ೧೧ ಹಳೆಯ ಕಂಪ್ಯೂಟರುಗಳನ್ನು ಅಂಗೀಕರಿಸುವುದಿಲ್ಲ. ಅದಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾಂಗವೂ, ಇಂಟೆಲ್ ಯಂತ್ರವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದರ ಈಚಿನ ಪ್ರೊಸೆಸರೂ ಬೇಕಾಗುವುವು. ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕೆಡದೆ ಉಳಿದಿರುವ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಬೇಕೆ, ಇಲ್ಲವೆ ಲಿನಕ್ಸನ್ನು ಹಾಕಿ ಇನ್ನೂ ಕೆಲವು ವರ್ಷ ಬಾಳಿಸಬೇಕೆ ಎಂಬ ಪ್ರಶ್ನೆಯು ಹುಟ್ಟುವುದು. ಲಿನಕ್ಸೆಂದರೆ ಯಾವ ಲಿನಕ್ಸು? ಅದು ನಮ್ಮ ಯಂತ್ರದೊಡನೆ ಒಗ್ಗುವುದೆ? ಈ ಎರಡಕ್ಕೂ ಉತ್ತರವು ಅದರ ಚರಿತ್ರೆಯಲ್ಲಿಯೇ ಅಡಗಿರುವುದರಿಂದ, ಆ ಚರಿತ್ರೆಯನ್ನು ಸಂಗ್ರಹವಾಗಿ ವಾಚಕ ಮಹಾಶಯರ ಮುಂದಿಡುವೆನು.

ಈ ಕಥೆಯ ಮೂಲವಿರುವುದು ಒಂದು ಮುದ್ರಣಯಂತ್ರದಲ್ಲಿ. ೧೯೮೦ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಒಂದು ಪ್ರಯೋಗಶಾಲೆಗೆ ಕ್ಸೆರಾಕ್ಸ್ ಕಂಪೆನಿಯ ಲೇಸರ್ ಪ್ರಿಂಟರೊಂದು ಬಂದಿತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ನರು ಹಿಂದಿನ ಪ್ರಿಂಟರಿನಲ್ಲಿ ಕಾಗದವು ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ಪ್ರೋಗ್ರಾಮನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆಯೇ ಮಾಡಬೇಕೆಂದರೆ ಅದರ ಮೂಲಪಾಠವು ಅವರಿಗೆ ದೊರೆಯಲಿಲ್ಲ. ಅದನ್ನು ಹೊಂದಿದ್ದ ಮತ್ತೊಬ್ಬ ವಿದ್ವಾಂಸರು, ಯಾರಿಗೂ ಕೊಡೆನೆಂದು ಕರಾರು ಬರೆದುಕೊಟ್ಟಿರುವೆನೆಂದು ಹೇಳಿ ನಿರಾಕರಿಸಿದರು. ಯಂತ್ರವು ಮನೆಯಲ್ಲಿದ್ದರೂ ಅದರ ಮರ್ಮವು ಪರಾಧೀನವೆಂಬುದು ಸ್ಟಾಲ್ಮನ್ನರ ಮನಸ್ಸಿಗೆ ನಾಟಿತು. ಅವರು ೧೯೮೩ನೆಯ ಸೆಪ್ಟೆಂಬರಿನಲ್ಲಿ, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಗ್ನೂ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸುವುದಾಗಿ ಸಾರಿದರು. ೧೯೮೯ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯನ್ನು ಹೊರಡಿಸಿದರು.

ಈ ಪರಾಧೀನತೆಯ ಅರ್ಥವನ್ನು ನಮ್ಮ ಸೀಮೆಯವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ೧೯೪೮ರವರೆಗೂ ಈ ಪ್ರಾಂತ್ಯವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಮನೆಯ ಮಾತು ಕನ್ನಡ, ಕಚೇರಿಯ ಬರಹ ಉರ್ದು. ಉರ್ದು ಸುಂದರವಾದ ಭಾಷೆಯೇ ಸರಿ. ಆದರೆ ಅದನ್ನು ಕಲಿಯದ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ ಮುನ್ಷಿಯ ಮನೆಯ ಕಟ್ಟೆಯ ಮೇಲೆ ಕಾದಿರಬೇಕಾಗಿದ್ದಿತು. ಕಂಪ್ಯೂಟರಿನಲ್ಲಿಯೂ ಇಂತಹ ಮುನ್ಷಿಯೊಬ್ಬನಿರುವನು. ಅವನಿಗೆ ಡ್ರೈವರೆಂದು ಹೆಸರು. ಕಾರ್ಯವ್ಯವಸ್ಥೆಯ ಅಪ್ಪಣೆಯನ್ನು ಪ್ರಿಂಟರು, ವೈಫೈ, ಕ್ಯಾಮೆರಾ ಮೊದಲಾದ ಅಂಗಗಳಿಗೆ ಅವುಗಳ ಭಾಷೆಯಲ್ಲಿಯೇ ತಿಳಿಸುವ ದುಭಾಷಿಯು ಅವನು. ತಯಾರಕರು ಅಂಗದ ಭಾಷೆಯನ್ನು ಗುಟ್ಟಾಗಿಟ್ಟು ವಿಂಡೋಸಿಗೆ ಮಾತ್ರ ದುಭಾಷಿಯನ್ನು ಒದಗಿಸಿದರೆ, ಲಿನಕ್ಸಿನಲ್ಲಿ ಆ ಅಂಗವು ಮೂಕವಾಗುವುದು. ‘ಲಿನಕ್ಸ್ ಹಾಕಿದ ಮೇಲೆ ವೈಫೈ ನಡೆಯದು’ ಎಂಬ ದೂರಿಗೆ ಬಹಳ ಸಲ ಇದೇ ಕಾರಣವು.

ಗ್ನೂ ವ್ಯವಸ್ಥೆಗೆ ಕೊರತೆಯಾಗಿದ್ದುದು ಕರ್ನೆಲ್ ಎಂಬ ಗರ್ಭಭಾಗವು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ, ೨೧ ವರ್ಷದ ಲೀನಸ್ ಟೋರ್ವಾಲ್ಡ್ಸನು ತನ್ನ ೩೮೬ ಯಂತ್ರಕ್ಕೆಂದು ಅಂತಹುದೊಂದನ್ನು ಬರೆದು ಆಗಸ್ಟ್ ೨೫ರಂದು ಪ್ರಕಟನೆಯನ್ನು ಹೊರಡಿಸಿದನು. ತನ್ನಲ್ಲಿರುವ ಜಾತಿಯ ಹಾರ್ಡ್ ಡಿಸ್ಕಿನ ಹೊರತು ಬೇರೊಂದಕ್ಕೆ ಇದು ಬಹುಶಃ ಎಂದಿಗೂ ಒಗ್ಗದೆಂಬುದು ಆಗ ಅವನ ಎಣಿಕೆ. ೧೯೯೨ರಲ್ಲಿ ಅದನ್ನು ಜಿ.ಪಿ.ಎಲ್. ಪರವಾನಗಿಗೆ ಒಳಪಡಿಸಿದ್ದರಿಂದ, ಯಾರ ಬಳಿ ಯಾವ ಯಂತ್ರವಿದ್ದಿತೋ ಅವರು ಅದಕ್ಕೆ ತಕ್ಕ ಡ್ರೈವರನ್ನು ಬರೆದು ಸೇರಿಸತೊಡಗಿದರು. ೨೦೧೭ನೆಯ ನವೆಂಬರಿನ ಪಟ್ಟಿಯಿಂದೀಚೆಗೆ ಜಗತ್ತಿನ ಅತಿಶಕ್ತಿಯ ೫೦೦ ಕಂಪ್ಯೂಟರುಗಳೆಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿವೆ. ನಮ್ಮ ಕೈಯ ಆಂಡ್ರಾಯ್ಡ್ ಫೋನಿನ ಗರ್ಭದಲ್ಲಿರುವುದೂ ಅದೇ. ಒಬ್ಬನಿಂದ ಆಗದೆಂದು ತೋರಿದುದು ಮರ್ಮವು ಬಯಲಾದುದರಿಂದ ಅನೇಕರಿಂದ ಆಯಿತು.

ಇನ್ನು ಶಾಖೆಗಳ ವಿಚಾರ. ಕರ್ನೆಲೊಂದೇ ಇದ್ದರೆ ಗೃಹಸ್ಥನಿಗೆ ಉಪಯೋಗವಿಲ್ಲ. ಅದರೊಡನೆ ಗ್ನೂ ಸಾಧನಗಳನ್ನೂ ಬರವಣಿಗೆ, ಚಿತ್ರ, ಸಂಗೀತಗಳ ಪ್ರೋಗ್ರಾಮುಗಳನ್ನೂ ಜೋಡಿಸಿ ಕೊಡಬೇಕು. ಹಾಗೆ ಜೋಡಿಸಿದ ಸಂಪುಟಕ್ಕೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ೧೯೯೩ರ ಜುಲೈಯಲ್ಲಿ ಸ್ಲ್ಯಾಕ್‌ವೇರ್, ಅದೇ ಆಗಸ್ಟಿನಲ್ಲಿ ಇಯಾನ್ ಮರ್ಡಾಕನ ಡೆಬಿಯನ್, ಅನಂತರ ರೆಡ್ ಹ್ಯಾಟ್, ೨೦೦೩ರಲ್ಲಿ ಫೆಡೋರಾ, ೨೦೦೪ರಲ್ಲಿ ಡೆಬಿಯನ್ನಿನಿಂದಲೇ ಕವಲೊಡೆದ ಉಬುಂಟು, ೨೦೦೬ರಲ್ಲಿ ಮಿಂಟ್ ಎಂದು ಇವು ಬೆಳೆದುವು. ಯಜುರ್ವೇದಕ್ಕೆ ೧೦೧ ಶಾಖೆಗಳಿದ್ದುವೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿರುವನಷ್ಟೆ. ಅವುಗಳಲ್ಲಿ ಇಂದಿಗೆ ಉಳಿದುವು ಬೆರಳೆಣಿಕೆಯವು; ಅಧ್ಯಾಪಕರೂ ಅಧ್ಯೇತೃಗಳೂ ಇದ್ದ ಶಾಖೆಗಳು ಬಾಳಿದುವು, ಇಲ್ಲದುವು ಅಳಿದುವು. ಲಿನಕ್ಸಿನ ಶಾಖೆಗಳಿಗೂ ಇದೇ ನಿಯಮವು. ಸಂಹಿತೆಯು ಬಹುಮಟ್ಟಿಗೆ ಒಂದೇ; ಭೇದವಿರುವುದು ಜೋಡಣೆಯಲ್ಲಿ, ಪರಿಷ್ಕರಣದ ಕಾಲದಲ್ಲಿ, ಹೇಳಿಕೊಡುವವರಲ್ಲಿ.

ಆರಂಭದ ವರ್ಷಗಳಲ್ಲಿ ಇದನ್ನು ಸ್ಥಾಪಿಸುವುದು ಕಠಿನ ವ್ರತವೇ ಆಗಿದ್ದಿತು. ಪರದೆಯ ಆವರ್ತನಸಂಖ್ಯೆಯನ್ನು ಕೈಯಾರೆ ಬರೆಯಬೇಕು. ತಪ್ಪಿದರೆ ಮಾನಿಟರೇ ಕೆಟ್ಟೀತೆಂದು ಕೈಪಿಡಿಗಳು ಎಚ್ಚರಿಸುತ್ತಿದ್ದುವು. ೨೦೦೦ದಲ್ಲಿ ಜರ್ಮನಿಯ ಕ್ಲೌಸ್ ಕ್ನೋಪರನು ಕ್ನಾಪಿಕ್ಸ್ ಎಂಬುದನ್ನು ಹೊರತಂದನು. ಇದು ಸಿ.ಡಿ.ಯಿಂದಲೇ ನಡೆದು, ಯಂತ್ರದ ಅಂಗಗಳನ್ನು ತಾನೇ ಗುರುತಿಸಿ, ಡಿಸ್ಕಿನಲ್ಲಿದ್ದುದನ್ನು ಮುಟ್ಟದೆ ಎಲ್ಲವನ್ನೂ ತೋರಿಸುತ್ತಿದ್ದಿತು. ಸ್ಥಾಪಿಸುವ ಮೊದಲು ಪರೀಕ್ಷಿಸುವ ಪದ್ಧತಿಯು ಇದರಿಂದ ಜನಪ್ರಿಯವಾಯಿತು. ಉಬುಂಟುವಿನವರು ೨೦೧೧ರವರೆಗೆ ಕೇಳಿದವರಿಗೆ ಧರ್ಮಾರ್ಥವಾಗಿ ಸಿ.ಡಿ.ಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು.

ಆದರೂ ವೈಫೈಯ ಮತ್ತು ಚಿತ್ರಾಂಗದ ಗುಟ್ಟುಗಳು ಬಹುಕಾಲ ಬಿಡಿಸಲಿಲ್ಲ. ಬ್ರಾಡ್‌ಕಾಂ ಕಂಪೆನಿಯ ಅಂಗಗಳ ವಿವರವು ದೊರೆಯದೆ, ಕೆಲವರು ಅದರ ಡ್ರೈವರಿನ ನಡವಳಿಕೆಯನ್ನು ಶೋಧಿಸಿಯೇ ಸ್ವತಂತ್ರವಾದುದನ್ನು ಬರೆದರು. ೨೦೧೦ರಲ್ಲಿ ಕಂಪೆನಿಯೇ ತನ್ನ ಹೊಸ ಅಂಗಗಳಿಗೆ ಮುಕ್ತ ಡ್ರೈವರನ್ನು ಕೊಟ್ಟಿತು. ಎನ್ವಿಡಿಯಾ ಕಂಪೆನಿಯು ೨೦೨೨ನೆಯ ಮೇ ತಿಂಗಳಲ್ಲಿ ಕರ್ನೆಲಿಗೆ ಸಂಬಂಧಿಸಿದ ಭಾಗವನ್ನು ಬಯಲುಮಾಡಿತು. ಇನ್ನು ಫರ್ಮ್‌ವೇರ್ ಎಂಬುದೊಂದುಂಟು. ಅದು ಅಂಗದೊಳಗೆಯೇ ಓಡುವ ತಯಾರಕರ ಪ್ರೋಗ್ರಾಮು. ಮುಕ್ತವಲ್ಲದುದನ್ನು ತನ್ನ ಸಂಪುಟದಲ್ಲಿ ಸೇರಿಸೆವೆಂದು ಡೆಬಿಯನ್ ವ್ರತಹಿಡಿದಿದ್ದರಿಂದ, ಸ್ಥಾಪನೆಯ ನಡುವೆಯೇ ಜನರು ಅದಕ್ಕಾಗಿ ಅಲೆಯಬೇಕಾಗುತ್ತಿದ್ದಿತು. ೨೦೨೨ರಲ್ಲಿ ಸದಸ್ಯರು ಮತವಿತ್ತು ಅದನ್ನು ಸೇರಿಸಲು ಒಪ್ಪಿದರು. ೨೦೨೩ನೆಯ ಜೂನಿನ ಡೆಬಿಯನ್ ೧೨ರಿಂದ ಆ ತೊಡಕು ಬಹಳಮಟ್ಟಿಗೆ ತೀರಿತು.

ಕನ್ನಡವು ಲಿನಕ್ಸಿಗೆ ಬಂದ ಬಗೆಯೂ ಮರ್ಮವು ಬಯಲಾದುದರ ಫಲವೇ. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನವು ದೊರೆಯಿತು. ಆದರೆ ಸಂಖ್ಯೆಯಿದ್ದ ಮಾತ್ರಕ್ಕೆ ಅಕ್ಷರವು ಮೂಡದು. ಲಿನಕ್ಸಿನ ಮೂಲ ಕಪ್ಪು ಪರದೆಯಲ್ಲಿ ಸಮಾನ ಅಳತೆಯ ಮನೆಗಳುಂಟು. ಅಲ್ಲಿ ಏಕಕಾಲಕ್ಕೆ ೫೧೨ಕ್ಕಿಂತ ಹೆಚ್ಚು ಅಕ್ಷರರೂಪಗಳು ನಿಲ್ಲಲಾರವು. ನಮ್ಮ ಒತ್ತಕ್ಷರವೋ ಒಂದರ ಕೆಳಗೊಂದು ಕುಳಿತು ಅಳತೆಯನ್ನು ಮೀರುವುದು. ಆದುದರಿಂದ ೨೦೧೧ನೆಯ ಫೆಬ್ರವರಿಯ ಡೆಬಿಯನ್ ೬.೦ರಲ್ಲಿ ಕನ್ನಡವು ಸೇರಿದಾಗ ಚಿತ್ರರೂಪದ ಸ್ಥಾಪನಾಕ್ರಮದಲ್ಲಿ ಮಾತ್ರ ಸೇರಿತು. ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರರೂಪಗಳು ಇಂದು ಡೆಬಿಯನ್ ಭಂಡಾರದಲ್ಲಿವೆ. ಕೆ. ಪಿ. ರಾಯರು ಕಲ್ಪಿಸಿ ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಪ್ರಸಿದ್ಧವಾದ ‘ಕಗಪ’ ಕೀಲಿಮಣೆಯ ಕ್ರಮವು ಲಿನಕ್ಸಿನಲ್ಲಿ ಸಿದ್ಧವಾಗಿಯೇ ಬರುವುದು. ಅದೇ ಕ್ರಮದ ಮೇಲೆ ಸಂಸ್ಕೃತ, ಹಿಂದಿ, ಮರಾಠಿ, ತೆಲುಗುಗಳಿಗೂ ಕೀಲಿಮಣೆಗಳು ಅಲ್ಲಿ ಏರ್ಪಟ್ಟಿವೆ. ಕನ್ನಡಿಗರ ಕೃತಿಯು ದೇವವಾಣಿಗೂ ಬಾಗಿಲಾದುದು ಸಂತೋಷದ ಸಂಗತಿಯಲ್ಲವೆ?

ಶಾಲೆಗಳಲ್ಲಿಯೂ ಇದರ ಪ್ರಯೋಗವು ನಡೆದಿದೆ. ಕೇರಳ ಸರ್ಕಾರದ ಶಾಲಾ ಕಂಪ್ಯೂಟರು ಶಿಕ್ಷಣವು ಮುಕ್ತ ತಂತ್ರಾಂಶವನ್ನೇ ಅವಲಂಬಿಸಿರುವುದರಿಂದ, ಕಾಸರಗೋಡಿನ ಕನ್ನಡ ಮಾಧ್ಯಮದ ಬಾಲಕ ಬಾಲಿಕೆಯರು ಲಿನಕ್ಸಿನಲ್ಲಿಯೇ ಪಾಠ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲಿಯೂ ಪ್ರೌಢಶಾಲಾ ಅಧ್ಯಾಪಕರಿಗಾಗಿ ನಡೆದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯು ಉಬುಂಟುವನ್ನು ಬಳಸಿತು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ೨೦೦೭ರಲ್ಲಿ ಡೆಬಿಯನ್ನಿನ ಆಧಾರದ ಮೇಲೆ ಭಾರತೀಯ ಭಾಷೆಗಳಿಗೆಂದು ‘ಬಾಸ್’ ಎಂಬ ಶಾಖೆಯನ್ನು ಹೊರತಂದಿತು.

ಇಷ್ಟರಿಂದ ಗೃಹಸ್ಥರು ತಿಳಿಯತಕ್ಕುದೇನು? ಶಾಖೆಯ ಹಿರಿಮೆ ಕಿರಿಮೆಗಳ ವಾದದಲ್ಲಿ ಕಾಲಹರಣ ಮಾಡಲಾಗದು. ನಿಮ್ಮ ಊರಿನಲ್ಲಿ ಬಲ್ಲವರೊಬ್ಬರು ಉಬುಂಟುವನ್ನೋ ಮಿಂಟನ್ನೋ ಬಳಸುತ್ತಿದ್ದರೆ ಅದೇ ನಿಮ್ಮ ಸ್ವಶಾಖೆಯು. ಗುರುವಿಲ್ಲದ ಶ್ರೇಷ್ಠ ಶಾಖೆಗಿಂತ ಗುರುವುಳ್ಳ ಸಾಮಾನ್ಯ ಶಾಖೆಯೇ ಮೇಲು. ಮೊದಲು ಕಡತಗಳನ್ನೆಲ್ಲ ಬೇರೊಂದೆಡೆ ನಕಲು ಮಾಡಿರಿ. ಆಮೇಲೆ ಪೆನ್ ಡ್ರೈವಿನಿಂದಲೇ ನಡೆಯಿಸಿ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರುಗಳನ್ನು ಒಂದೊಂದಾಗಿ ಪರೀಕ್ಷಿಸಿರಿ. ಎಲ್ಲವೂ ಮಾತನಾಡಿದರೆ ಮಾತ್ರ ಸ್ಥಾಪಿಸಿರಿ. ನೆನಪಿನ ಶಕ್ತಿ ಕಡಿಮೆಯಿರುವ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಮುಖವುಳ್ಳದು ಒಳ್ಳೆಯದು. ೩೨ ಬಿಟ್ಟಿನ ಅತಿ ಹಳೆಯ ಯಂತ್ರಗಳಿಗೆ ಡೆಬಿಯನ್ನಿನ ಸ್ಥಾಪನಾಕ್ರಮವು ೨೦೨೫ನೆಯ ಆಗಸ್ಟಿನ ೧೩ನೆಯ ಆವೃತ್ತಿಯಿಂದ ನಿಂತುಹೋಗಿರುವುದನ್ನೂ ಗಮನಿಸಬೇಕು. ನುಡಿ, ಬರಹಗಳ ಹಳೆಯ ಸಂಕೇತದಲ್ಲಿ ಬರೆದ ಕಡತಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು. ಕಚೇರಿಯ ಕೆಲಸಕ್ಕೆ ವಿಂಡೋಸಿಗೆಂದೇ ಮಾಡಿದ ಪ್ರೋಗ್ರಾಮು ಅತ್ಯಗತ್ಯವಾದವರು ವಿಂಡೋಸನ್ನು ಬಿಡುವುದು ಯುಕ್ತವಲ್ಲ.

ಹೊಸ ಯಂತ್ರವನ್ನು ಕೊಳ್ಳುವವರಾದರೋ ಬೆಲೆಯನ್ನು ಕೇಳುವಾಗಲೇ, ಇದರ ಅಂಗಗಳಿಗೆ ಲಿನಕ್ಸಿನಲ್ಲಿ ಡ್ರೈವರುಂಟೆ ಎಂದೂ ಅಂಗಡಿಯವರನ್ನು ಕೇಳಬೇಕು. ಕೇಳುವವರು ಹೆಚ್ಚಿದ ಹಾಗೆ ತಯಾರಕರ ಗುಟ್ಟು ಸಡಿಲುವುದೆಂಬುದಕ್ಕೆ ಈ ಮೂವತ್ತೈದು ವರ್ಷಗಳ ಚರಿತ್ರೆಯೇ ಸಾಕ್ಷಿಯಾಗಿದೆ. ತಮ್ಮ ಹೊಲದ ಕಾಗದವನ್ನು ತಾವೇ ಓದುವಂತಾದ ಮನೆಗಳ ಮಕ್ಕಳು ತಮ್ಮ ಮನೆಯ ಯಂತ್ರವನ್ನೂ ತಾವೇ ಓದುವಂತಾಗಲಿ ಎಂಬುದೇ ಈ ಲೇಖಕನ ಆಶಯವು.